ಪ್ರಿಂಟರ್ ರಿಪೇರಿಗೆ ಬಂದಿದ್ದ ನಿಮಗೆ

ನಮ್ಮ ಗ್ರಂಥಾಲಯದ ಹಳೆ ಪತ್ರಿಕೆಗಳ ಸ್ಕ್ಯಾನ್‌ಗಳೆಲ್ಲ ಇರುವುದು ಒಂದೇ ವಿಂಡೋಸ್ ಕಂಪ್ಯೂಟರಿನಲ್ಲಿ. ಅವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವುದು ಆರ್‌ಸಿಂಕ್ ಎಂಬ ಪ್ರೋಗ್ರಾಂ. ವಿಂಡೋಸ್‌ಗಿಂತ ಬೇರೆಯಾದ ಯುನಿಕ್ಸ್ ಎಂಬ ವ್ಯವಸ್ಥೆಯ ಪ್ರೋಗ್ರಾಂಗಳನ್ನು ವಿಂಡೋಸ್‌ನಲ್ಲೇ ಓಡಿಸುವ ಸಿಗ್‌ವಿನ್‌ನೊಳಗೆ ಅದು ಓಡುತ್ತದೆ. ಕಳೆದ ವಾರ ಅದು ನಿಂತೇಹೋಯಿತು. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದರೆ ಸಾಕು, ಫೋರ್ಕ್ ಆಗಲಿಲ್ಲ ಎಂಬ ಸಾಲುಗಳೇ. ಕಂಪ್ಯೂಟರಿನ ಡಿಸ್ಕ್ ಬೇರೆ ಟಿಕ್ ಟಿಕ್ ಎನ್ನುತ್ತಿತ್ತು. ನನಗೆ ಕೈಕಾಲೇ ಆಡಲಿಲ್ಲ.

ನೀವು ಪರದೆ ನೋಡಿ, ‘ಮೇಡಂ, ಏನೂ ಅಳಿಸ್ಬೇಡಿ. ಫೈಲ್‌ಗಳಿಗೆ ಏನೂ ಆಗಿಲ್ಲ’ ಎಂದಿರಿ. ಆ ಮಾತಿಗೇ ಹೋದ ಜೀವ ಬಂತು.

ಆಮೇಲೆ ನಿಂತುಕೊಂಡೇ ವಿವರಿಸಿದಿರಿ. ಯುನಿಕ್ಸ್‌ನಲ್ಲಿ ಪ್ರೋಗ್ರಾಂ ತನ್ನದೇ ನಕಲು ಹುಟ್ಟಿಸುವುದು ಮಾಮೂಲಿ, ಅದೇ ಫೋರ್ಕ್. ವಿಂಡೋಸ್‌ನಲ್ಲಿ ಅದನ್ನು ಸಿಗ್‌ವಿನ್ ತಾನೇ ಕಷ್ಟಪಟ್ಟು ಮಾಡಬೇಕು. ನಕಲಿನಲ್ಲೂ ಪ್ರತಿ ಡಿಎಲ್‌ಎಲ್, ಅಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್‌ನ ಫೈಲ್, ಮೆಮೊರಿಯ ಅದೇ ವಿಳಾಸದಲ್ಲಿ ಕೂರಬೇಕು. ಅಲ್ಲಿ ಬೇರೇನೋ ಮೊದಲೇ ಕೂತಿದ್ದರೆ ಫೋರ್ಕ್ ಆಗದು. ಬಸ್ಸಿನಲ್ಲಿ ಟವೆಲ್ ಹಾಕಿಟ್ಟ ಸೀಟಿನಲ್ಲಿ ಇನ್ಯಾರೋ ಕೂತ ಹಾಗೆ ಅಂದಿರಿ. ತಟ್ಟನೆ ಅರ್ಥವಾಯಿತು.

ಸಿಗ್‌ವಿನ್‌ನ ಕಿಟಕಿಗಳನ್ನೂ ಹಿನ್ನೆಲೆಯ ಸರ್ವಿಸ್‌ಗಳನ್ನೂ ನಿಲ್ಲಿಸಿದಿರಿ. ಆಜ್ಞೆಗಳನ್ನು ಓಡಿಸುವ ಡ್ಯಾಶ್ ಎಂಬ ಪುಟ್ಟ ಶೆಲ್‌ನಿಂದ, ಡಿಎಲ್‌ಎಲ್‌ಗಳಿಗೆ ಒಂದಕ್ಕೊಂದು ತಾಗದ ವಿಳಾಸ ಹಂಚುವ ರೀಬೇಸ್‌ಆಲ್ ಎಂಬ ಆಜ್ಞೆ ಓಡಿಸಿದಿರಿ. ಕೀಬೋರ್ಡ್ ಮಾತ್ರ ನನ್ನ ಕೈಗೇ ಕೊಟ್ಟಿರಿ, ‘ಮುಂದೆ ನೀವೇ ಮಾಡ್ಬೇಕಲ್ವಾ’ ಅಂತ. ನನಗೆ ಜಾಸ್ತಿ ಮೆಚ್ಚುಗೆಯಾದದ್ದು ಇದೇ. ಬಿಲ್ಲಿನ ಹಿಂದೆ ಆ ಆಜ್ಞೆಯನ್ನು ದೊಡ್ಡ ಅಕ್ಷರದಲ್ಲಿ ಬರೆದಿರಿ. ಬಿಲ್ಲಿನಲ್ಲಿ ಪ್ರಿಂಟರಿನ ದುಡ್ಡು ಮಾತ್ರ ಇತ್ತು. ಚಹಾಕ್ಕೂ ನಿಲ್ಲಲಿಲ್ಲ.

ಅಂದು ಸಂಜೆಯೇ ಆರ್‌ಸಿಂಕ್ ಓಡಿತು. ಎಲ್ಲ ಸಂಚಿಕೆಗಳೂ ಈಗ ಎರಡು ಡಿಸ್ಕ್‌ಗಳಲ್ಲಿವೆ. ತುಂಬಾ ಥ್ಯಾಂಕ್ಸ್.