ತೋಟಕ್ಕೆ ಬಂದವರಿಗೆ

ಜನವರಿಯಲ್ಲಿ ಕಾಯಿಲೆ ಬಿದ್ದಿದ್ದ ನಮ್ಮ ಯಜಮಾನರು ಈಗ ಪೂರ್ತಿ ಹುಷಾರಾಗಿದ್ದಾರೆ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ಫೋನ್ ಮಾಡಿ ವಿಚಾರಿಸುವವರಿದ್ದಾರೆ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಚರ್ಚಿನಲ್ಲಿ ಫಾದರ್ ಆಶೀರ್ವಾದ ಮಾಡಿ ಕೊಟ್ಟ ಹೊಸ ತೆನೆಯನ್ನು ಅವರೇ ಮನೆಗೆ ತಂದರು. ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಆಮೇಲೆ ಬಾಳೆ ಎಲೆ ಹಾಕಿ ತರಕಾರಿ ಊಟ. ಊಟಕ್ಕೆ ಕೂತಾಗಲೇ ಮಾತಾಡಿಕೊಂಡೆವು, ಈ ವರ್ಷ ನಮ್ಮ ಕೈ ಹಿಡಿದವರಿಗೆ ಎಲ್ಲರ ಎದುರು ಧನ್ಯವಾದ ಹೇಳಲೇಬೇಕು ಅಂತ. ಹೆಸರು ಹಾಕುತ್ತಿಲ್ಲ. ಹಾಕಬೇಡಿ ಎಂದು ಕೆಲವರು ಮೊದಲೇ ತಾಕೀತು ಮಾಡಿದ್ದಾರೆ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನಾವಿರುವುದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ. ಸ್ವಲ್ಪ ಅಡಿಕೆ ತೋಟ, ಅದರ ತಲೆಗೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಒಂದೆರಡು ದನ. ಜನವರಿಯಲ್ಲಿ ಯಜಮಾನರು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸೋಕೆ ಬೆಟ್ಟಕ್ಕೆ ಹೋಗಿ ಬರುತ್ತಿದ್ದರು. ಆಗಲೇ ಜ್ವರ ಹಿಡಿಯಿತು. ತಲೆ ಸಿಡಿಯುವಂಥ ನೋವು, ಕೆಂಡದ ಹಾಗೆ ಕೆಂಪಾದ ಕಣ್ಣು, ಮಗ್ಗುಲು ಬದಲಿಸೋಕೂ ಆಗದಷ್ಟು ಮೈಕೈ ನೋವು. ನಮ್ಮೂರಿನ ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದವರೇ, "ನಾಳೆ ಅನ್ಬೇಡಿ ಅಕ್ಕಾ, ಇವತ್ತೇ ರಕ್ತ ಪರೀಕ್ಷೆ ಮಾಡ್ಸಿ" ಎಂದರು. ವರದಿ ಬಂತು. ಮಂಗನ ಕಾಯಿಲೆ.

ಮಲೆನಾಡಿನವರಿಗೆ ಈ ಹೆಸರು ಕೇಳಿದರೇ ಎದೆ ಝಲ್ ಅನ್ನುತ್ತದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದರಿಂದ ಆ ಹೆಸರು ಬಂತು. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ. ಇದಕ್ಕೇ ಅಂತ ಔಷಧಿ ಇಲ್ಲ. ಜ್ವರ ಇಳಿಸಬೇಕು, ಡ್ರಿಪ್ ಹಾಕಬೇಕು, ಪ್ಲೇಟ್‌ಲೆಟ್ ನೋಡುತ್ತಾ ಇರಬೇಕು, ಕಾಯಬೇಕು. ಒಂದು ಸಲ ಬಿಟ್ಟ ಜ್ವರ ಕೆಲವರಿಗೆ ಮತ್ತೆ ಮರುಕಳಿಸುವುದೂ ಉಂಟು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹಾಗಿದ್ದರೂ ಕೆಲವರು ಬೇಲಿಯಾಚೆಯೇ ನಿಂತು ಮಾತಾಡಿಸಿ ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ, ಹೆದರಿಕೆ ಯಾರಿಗಿಲ್ಲ? ಆದರೆ ಅಂಥ ಹೊತ್ತಿನಲ್ಲಿ ಬೇಲಿ ದಾಟಿ ಒಳಗೆ ಬಂದವರನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದೆವು. ವಸಡಿನಲ್ಲಿ ರಕ್ತ ಬರಲು ಶುರುವಾಗಿತ್ತು. ರಾತ್ರಿ ಪಾಳಿಯ ನರ್ಸ್ ಒಬ್ಬರು ಹತ್ತಿ ಒದ್ದೆ ಮಾಡಿ ಅವರ ತುಟಿ, ಬಾಯಿ ಒರೆಸುತ್ತಿದ್ದರು. ತಮ್ಮ ಸ್ವಂತ ಅಣ್ಣನಿಗೆ ಮಾಡಿದಷ್ಟು ಜೋಪಾನ. ಪ್ಲೇಟ್‌ಲೆಟ್ ಬೇಕು ಎಂದಾಗ ನಮ್ಮ ಫಾದರ್ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನ ಹುಡುಗರಿಗೆ ಹೇಳಿ ಕಳಿಸಿದರು. ಬಂದವರಲ್ಲಿ ಒಬ್ಬ ಹುಡುಗ ಕೆಲಸ ಮುಗಿಸಿ ಸೀದಾ ಬಂದಿದ್ದ, ಯೂನಿಫಾರ್ಮ್ ಕೂಡ ತೆಗೆದಿರಲಿಲ್ಲ. ಕೊಟ್ಟ, ಜ್ಯೂಸ್ ಕುಡಿದ, "ಬರ್ತೀನಿ ಆಂಟಿ, ಬಸ್ಸಿದೆ" ಎಂದು ಹೊರಟ. ಹೆಸರು ಕೇಳುವಷ್ಟು ಹೊತ್ತೂ ನಿಲ್ಲಲಿಲ್ಲ. ಮಗನೇ, ನೀನು ಇದನ್ನು ಓದುತ್ತಿದ್ದರೆ ತಿಳಿದುಕೋ, ನಮ್ಮ ಮನೆಯ ಪ್ರಾರ್ಥನೆಯಲ್ಲಿ ದಿನಾ ನೀನಿರುತ್ತೀಯ.

ಇನ್ನು ಮನೆ ಕಡೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಜನವರಿ ಅಂದರೆ ಅಡಿಕೆ ಕೊಯ್ಲಿನ ಕಾಲ. ನಮ್ಮದು ಕೊನೇ ಕೊಯ್ಲು ಬಾಕಿ ಇತ್ತು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಕಾಯಿ ಹಣ್ಣಾಗಿ ಗೋಟಾಗುತ್ತದೆ, ಕೆಂಪಡಿಕೆಯ ರೇಟು ಸಿಗುವುದಿಲ್ಲ. ಆಸ್ಪತ್ರೆಯ ಜಗುಲಿಯಲ್ಲಿ ಕೂತು ಮನೆ ಹತ್ತಿರದ ಒಬ್ಬರಿಗೆ ಫೋನ್ ಮಾಡಿದೆ. ಅವರು ನಮ್ಮ ಚರ್ಚಿನವರೇ. "ಅಯ್ಯೋ, ನಂದೇ ಕೊಯ್ಲು ಅರ್ಧಕ್ಕೆ ನಿಂತಿದೆ, ನನ್ನಿಂದಾಗಲ್ಲ" ಎಂದರು. ಅದು ಸುಳ್ಳಲ್ಲ, ನಿಜವಾಗಿಯೂ ನಿಂತಿತ್ತು. ಮಾರನೇ ದಿನ ಬೆಳಿಗ್ಗೆ ಅವರೇ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರನನ್ನು ಕರೆದುಕೊಂಡು, ತಮ್ಮ ಮಗನ ಕೈಯಲ್ಲಿ ಹಗ್ಗ ಕೊಟ್ಟು ನಮ್ಮ ತೋಟಕ್ಕೆ ಇಳಿದಿದ್ದರು. ತಮ್ಮ ತೋಟ ಹಾಗೇ ಬಿಟ್ಟು.

ಬೈಬಲಿನ ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮತಿ, ಅಂದರೆ ನೀತಿಕಥೆ, ಇದೆ. ಒಬ್ಬ ಅಪ್ಪ, ಇಬ್ಬರು ಮಕ್ಕಳು. ತೋಟಕ್ಕೆ ಹೋಗಿ ಕೆಲಸ ಮಾಡು ಅಂತ ಅಪ್ಪ ಹೇಳುತ್ತಾನೆ. ಒಬ್ಬ ಮಗ ಆಗಲ್ಲ ಅನ್ನುತ್ತಾನೆ, ಆಮೇಲೆ ಮನಸ್ಸು ಬದಲಾಯಿಸಿ ಹೋಗುತ್ತಾನೆ. ಇನ್ನೊಬ್ಬ ಆಗಲಿ ಅಪ್ಪಾ ಅನ್ನುತ್ತಾನೆ, ಹೋಗುವುದೇ ಇಲ್ಲ. ಅಪ್ಪನ ಮಾತು ನಡೆಸಿದವನು ಯಾರು ಅಂತ ಸ್ವಾಮಿ ಕೇಳುತ್ತಾರೆ. ಆ ಸಾಮತಿಯಲ್ಲಿರುವುದು ದ್ರಾಕ್ಷಿ ತೋಟ, ನಮ್ಮದು ಅಡಿಕೆ ತೋಟ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ವಿಧೇಯತೆ ಎಂದರೆ ಭಾನುವಾರದ ಪೂಜೆ, ಜಪಸರ, ತಪಸ್ಸು ಕಾಲದ ಉಪವಾಸ ನೆನಪಾಗುತ್ತದೆ. ಇವೆಲ್ಲ ಬೇಕು. ನನ್ನನ್ನು ಆ ದಿನಗಳಲ್ಲಿ ನಿಲ್ಲಿಸಿದ್ದು ಜಪಸರವೇ. ಆದರೆ ದೇವರ ಮಾತು ಕೇಳುವುದು ಅಂದರೆ ಏನು ಅಂತ ಈಗ ಯಾರಾದರೂ ಕೇಳಿದರೆ ನಾನು ತೋರಿಸುವುದು ನಮ್ಮ ತೋಟಕ್ಕೆ ಇಳಿದ ಆ ಮನುಷ್ಯರನ್ನು. ಒಳ್ಳೆಯ ಕೆಲಸ ಅಂತ ಅವರು ಅದಕ್ಕೆ ಹೆಸರು ಕೊಡಲೂ ಇಲ್ಲ. ಹಗ್ಗದಲ್ಲಿ ಜಾರಿ ಬರುವ ಅಡಿಕೆ ಕೊನೆ ನೆಲಕ್ಕೆ ಬಡಿಯದ ಹಾಗೆ ಹಿಡಿದರು, ಹೊತ್ತರು, ಅಂಗಳಕ್ಕೆ ಹಾಕಿದರು.

ಅವತ್ತು ಸಂಜೆ ಇನ್ನೊಂದು ನಡೆಯಿತು. ಕೊನೆಗಾರ, "ಕೂಲಿ ಆಮೇಲೆ ನೋಡೋಣ, ಅವರು ಆಸ್ಪತ್ರೆಯಿಂದ ಬರ್ಲಿ" ಅಂದನಂತೆ. ದೊಡ್ಡ ಮನಸ್ಸಿನ ಮಾತು ಅದು. ನಮ್ಮ ವಾಳೆಯ, ಅಂದರೆ ಚರ್ಚಿಗೆ ಸೇರಿದ ನಮ್ಮ ಕಡೆಯ ಮನೆಗಳ ಗುಂಪಿನ, ಮುಖ್ಯಸ್ಥರಾದ ಗುರಿಕಾರರು ಒಪ್ಪಲಿಲ್ಲ. ತಮ್ಮ ಜೇಬಿನಿಂದ ಪೂರ್ತಿ ಎಣಿಸಿ ಕೊಟ್ಟರು. ಕೂಲಿಯವನ ಹಣ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಎಂದು ಬೈಬಲಿನ ಯಾಜಕಕಾಂಡದಲ್ಲಿದೆ. ಅವರು ಆ ವಚನ ಹೇಳಲಿಲ್ಲ. "ನಾಳೆ ಅವನ ಮನೇಲಿ ಅಕ್ಕಿ ತರ್ಬೇಕಲ್ವಾ?" ಅಂದರಂತೆ. ಕಷ್ಟದಲ್ಲಿರುವ ಒಂದು ಮನೆಗೆ ಸಹಾಯ ಮಾಡುವ ಭರದಲ್ಲಿ ಇನ್ನೊಂದು ಬಡವರ ಮನೆಯ ಒಲೆ ಆರಬಾರದು. ಅಷ್ಟು ಯೋಚನೆ ಮಾಡಿದ್ದಕ್ಕೆ ಗುರಿಕಾರರಿಗೆ ವಿಶೇಷ ನಮಸ್ಕಾರ.

ಕೊಯ್ದ ಅಡಿಕೆ ಕಾಯುವುದಿಲ್ಲ, ಸುಲಿಯಬೇಕು. ಒಂದು ರಾತ್ರಿ ಬಟ್ಟೆ ತಗೊಂಡು ಹೋಗೋಕೆ ಅಂತ ನಾನು ಮನೆಗೆ ಬಂದೆ. ಅಂಗಳದಲ್ಲಿ ಲೈಟು ಉರಿಯುತ್ತಿತ್ತು. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕೂತಿದ್ದರು. ನಮ್ಮ ಚರ್ಚಿನವರು, ಮೇಲಿನ ಮನೆಯ ಅಮ್ಮ ಮತ್ತು ಸೊಸೆ, ಗದ್ದೆಯಾಚೆಯ ಅಜ್ಜಿ, ಕಾನ್ವೆಂಟಿನ ಇಬ್ಬರು ಸಿಸ್ಟರ್‌ಗಳು. ಸಿಸ್ಟರ್‌ಗಳಲ್ಲಿ ಒಬ್ಬರಿಗೆ ಸುಲಿದು ಅಭ್ಯಾಸವಿಲ್ಲ. ಅಜ್ಜಿ ಅವರ ಕೈ ಹಿಡಿದು ಕಾಯಿಯನ್ನು ಕತ್ತಿಗೆ ಹೇಗೆ ಕೊಡಬೇಕು, ಹೆಬ್ಬೆರಳು ಎಲ್ಲಿರಬೇಕು ಅಂತ ತೋರಿಸುತ್ತಿದ್ದರು. ಎಲ್ಲರ ಬೆರಳೂ ಕಪ್ಪಾಗಿದ್ದವು. ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆಗೆ ಬಣ್ಣ ಕೊಡುವ ಚೊಗರು ಕುದಿಯುತ್ತಿತ್ತು. ನನ್ನನ್ನು ನೋಡಿ ಯಾರೂ ಎದ್ದು ನಿಲ್ಲಲಿಲ್ಲ, ಅಳಲಿಲ್ಲ. ಅಜ್ಜಿ ಮಾತ್ರ "ಉಂಡ್ಯೇನೆ?" ಎಂದರು.

ಬೈಬಲಿನ ಯಾಕೋಬನ ಪತ್ರದಲ್ಲಿ ಒಂದು ಮಾತಿದೆ. ಉಡಲು ಬಟ್ಟೆಯಿಲ್ಲದ, ಉಣ್ಣಲು ಅನ್ನವಿಲ್ಲದ ಅಣ್ಣ ತಂಗಿಯರಿಗೆ ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿ ಅಂತ ಬಾಯಲ್ಲಿ ಹೇಳಿ, ಏನೂ ಕೊಡದೆ ಕಳಿಸಿದರೆ ಏನು ಉಪಯೋಗ ಅಂತ. ಅವತ್ತು ನನಗೆ ಅನ್ನ, ಹುಳಿ, ಹಪ್ಪಳ ಸಿಕ್ಕಿತು. ಆಮೇಲೆ ಪ್ರಾರ್ಥನೆಯನ್ನೂ ಮಾಡಿದರು.

ನಮ್ಮ ಕಡೆ ಮುಯ್ಯಾಳು ಪದ್ಧತಿ ಎಲ್ಲರಿಗೂ ಗೊತ್ತು. ಇವತ್ತು ನೀವು ನಮ್ಮ ಕೆಲಸಕ್ಕೆ ಬಂದರೆ ನಾಳೆ ನಾವು ನಿಮ್ಮ ಕೆಲಸಕ್ಕೆ. ಒಳ್ಳೆಯ ಪದ್ಧತಿ, ಮಲೆನಾಡು ಉಳಿದದ್ದೇ ಅದರಿಂದ. ಆದರೆ ಈ ಸಲ ಲೆಕ್ಕ ಇಟ್ಟು ಮುಗಿಸುವ ಹಾಗೆ ಇರಲಿಲ್ಲ. ಯಜಮಾನರು ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ನಿಶ್ಶಕ್ತಿ. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ಹೊಸದರಲ್ಲಿ ಬರುವವರು ಎಲ್ಲ ಊರಲ್ಲೂ ಇರುತ್ತಾರೆ. ಜನ ಮರೆತ ಮೇಲೂ ಬರುವವರು ಕಡಿಮೆ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಬೇಕಿತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಸರಿಯಾಗಿ ಕಲೆಸಬೇಕು, ಕಲೆಸಿದ ದಿನವೇ ಹೊಡೆಯಬೇಕು. ಆಗಲೂ ಬಂದರು. ಜುಲೈನಲ್ಲಿ ಎರಡನೇ ಸಲ ಹೊಡೆಯಲು ಮಳೆ ಬಿಡುವು ಕೊಟ್ಟ ಗಳಿಗೆ ನೋಡಿಕೊಂಡು ಮತ್ತೆ ಬಂದರು. ಯೇಸುಸ್ವಾಮಿ ಹೇಳಿದ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರಿಯದವನ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಅವನು ಗಾಯ ಕಟ್ಟಿದ್ದಲ್ಲ. ಛತ್ರದವನಿಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿಯಷ್ಟು ಕೊಟ್ಟು, ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದನಲ್ಲ, ಅದು. ತಿರುಗಿ ಬರುತ್ತೇನೆ ಎನ್ನುವವನೇ ಹೊಣೆ ಹೊತ್ತವನು.

ಒಣಗಿದ ಅಡಿಕೆಯನ್ನು ಮಂಡಿಗೆ ಹಾಕಿಸಿದ್ದು ಮೇಲಿನ ಮನೆಯ ಯಜಮಾನರು. ಅವರು ನಮ್ಮ ಜಾತಿಯವರಲ್ಲ, ನಮ್ಮ ಚರ್ಚಿಗೆ ಬರುವವರಲ್ಲ. ಪಟ್ಟಿ ತಂದು ಕೊಟ್ಟಾಗ ಅದರ ಹಿಂದೆ ಪೆನ್ಸಿಲಿನಲ್ಲಿ ಎಲ್ಲ ಬರೆದಿದ್ದರು. ತೂಕ ಎಷ್ಟು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು. ಬಾಡಿಗೆಯಲ್ಲಿ ಅರ್ಧ ಮಾತ್ರ ನಮ್ಮ ಲೆಕ್ಕಕ್ಕೆ, ಯಾಕೆಂದರೆ ಅದೇ ಗಾಡಿಯಲ್ಲಿ ಅವರದ್ದೂ ಒಂದಿಷ್ಟು ಚೀಲ ಹೋಗಿತ್ತು. ಕೇಳದೆ ಇದ್ದರೂ ಲೆಕ್ಕ ಒಪ್ಪಿಸುವ ಈ ಪ್ರಾಮಾಣಿಕತೆ ನನಗೆ ದೊಡ್ಡ ಪ್ರವಚನಕ್ಕಿಂತ ಜಾಸ್ತಿ. ನನ್ನ ನೆರೆಯವನು ಯಾರು ಅಂತ ಕೇಳಿದವನಿಗೆ ಸ್ವಾಮಿ ತೋರಿಸಿದ್ದು ಸ್ವಂತ ಜನರನ್ನಲ್ಲ, ಯೆಹೂದ್ಯರು ದೂರ ಇಟ್ಟಿದ್ದ ಒಬ್ಬ ಸಮಾರಿಯದವನನ್ನು. ಆದ್ದರಿಂದ ಮೇಲಿನ ಮನೆಯವರಿಗೆ ಧನ್ಯವಾದ ಹೇಳುವಾಗ ನಾನು ನನ್ನ ಧರ್ಮ ಬಿಟ್ಟು ಮಾತಾಡುತ್ತಿಲ್ಲ, ಅದರ ಒಳಗೇ ನಿಂತು ಮಾತಾಡುತ್ತಿದ್ದೇನೆ.

ದಿನಾ ಬೆಳಿಗ್ಗೆ ಹಾಲು ಕರೆದು ಕೊಟ್ಟ ಪಕ್ಕದ ಮನೆ ಹುಡುಗಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ಒಂದು ರೂಪಾಯಿಯನ್ನೂ ಮುಟ್ಟದ ಆಟೋ ಅಣ್ಣನಿಗೆ, ರಜೆಯನ್ನು ಸಂಬಳ ಕತ್ತರಿಸದೆ ಸರಿಹೊಂದಿಸಿದ ನನ್ನ ಶಾಲೆಯ ಸಹೋದ್ಯೋಗಿಗಳಿಗೆ, ವಾರಕ್ಕೊಮ್ಮೆ ಬೈಕಿನಲ್ಲಿ ಆ ಘಾಟಿ ರಸ್ತೆ ಹತ್ತಿ ಬಂದು ಪರಮಪ್ರಸಾದ ಕೊಟ್ಟ ಫಾದರಿಗೆ, ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರ.

ಇನ್ನು ನಮ್ಮ ಪಾಲಿನ ಕೆಲಸ. ಈ ಋಣ ಬಂದವರಿಗೇ ತೀರಿಸೋಕೆ ಆಗುವುದಿಲ್ಲ, ಅವರು ತೀರಿಸಲೂ ಬಿಡುವುದಿಲ್ಲ. ಹಾಗಾಗಿ ಯಜಮಾನರು ಮತ್ತು ವಾಳೆಯ ಕೆಲವರು ಸೇರಿ ನವೆಂಬರ್‌ನಿಂದ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗುತ್ತಾರೆ. ಕ್ರೈಸ್ತರ ಮನೆ, ಹಿಂದೂಗಳ ಮನೆ, ಸಾಬರ ಮನೆ ಅಂತಿಲ್ಲ, ಕಾಡಂಚಿನ ಎಲ್ಲ ಮನೆಗೂ. ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿ ನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿ ನೀರಿಗೇ ಹಾಕಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗೋಕೆ ಗಾಡಿ ಸಿಗದಿದ್ದರೆ ನಮ್ಮ ಮನೆಗೆ ಬನ್ನಿ. ಯಜಮಾನರು ಈಗ ಮತ್ತೆ ಜೀಪು ಓಡಿಸುತ್ತಾರೆ. ಗೇಟಿಗೆ ಬೀಗ ಹಾಕುವುದಿಲ್ಲ, ಸೀದಾ ಒಳಗೆ ಬಂದು ಕೂಗಿ.