ವೃದ್ಧಾಶ್ರಮ ನಡೆಸುವವರ ಓದಿಗಾಗಿ ಒಂದು ದೇಣಿಗೆ ಮನವಿ

ಮಾನ್ಯರೇ,

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ವೃದ್ಧಾಶ್ರಮಗಳಲ್ಲಿ ಅನ್ನಕ್ಕೆ ಕೊರತೆಯಾದದ್ದನ್ನು ನಾವು ಕಂಡದ್ದು ಕಡಿಮೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹವನ್ನು ನೋಡುತ್ತ, ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದವರ ಮಾತು ಕೇಳುತ್ತ ಬೆಳೆದ ಈ ಸೀಮೆಯ ಜನರಿಗೆ ಹಸಿದವರಿಗೆ ಉಣಬಡಿಸಿರೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಗಳ ಹುಟ್ಟುಹಬ್ಬ, ತಂದೆಯ ಪುಣ್ಯತಿಥಿ, ಹೊಸ ಮನೆಯ ವಾಸ್ತುಶಾಂತಿ ಎಂದು ಒಂದು ಹೊತ್ತಿನ ಊಟ ಹಾಕಿಸುವವರು, ಚಳಿಗಾಲ ಬಂದರೆ ಚಾದರ ತಂದುಕೊಡುವವರು, ಸುಗ್ಗಿ ಮುಗಿದ ಮೇಲೆ ಒಂದು ಚೀಲ ಜೋಳ ಇಳಿಸಿಹೋಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಈ ಮನವಿ ಅವುಗಳಲ್ಲಿ ಯಾವುದಕ್ಕೂ ಅಲ್ಲ. ವೃದ್ಧಾಶ್ರಮಗಳ ವ್ಯವಸ್ಥಾಪಕರಿಗೆ, ಮೇಲ್ವಿಚಾರಕಿಯರಿಗೆ ಮತ್ತು ಅವುಗಳ ಹೊಣೆ ಹೊತ್ತ ಕಾರ್ಯದರ್ಶಿಗಳಿಗೆ ಆರು ತಿಂಗಳ ವೃತ್ತಿಶಿಕ್ಷಣ ಕೊಡಲು ನಾವು ದೇಣಿಗೆ ಬೇಡುತ್ತಿದ್ದೇವೆ. ಇಂಥದ್ದಕ್ಕೆ ಹಣ ಕೇಳುವುದು ಸುಲಭವಲ್ಲ. ಕೊಟ್ಟವರು ನಿಂತು ಫೋಟೊ ತೆಗೆಸಿಕೊಳ್ಳಲು ಇದರಲ್ಲಿ ಏನೂ ಇರುವುದಿಲ್ಲ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ನಮ್ಮದೇ ತಪ್ಪಿನಿಂದ ಆರಂಭಿಸುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಶ್ರಾವಣದ ಒಂದು ಸೋಮವಾರ ನಮ್ಮ ಆಶ್ರಮದಲ್ಲಿದ್ದ ಹಿರಿಯ ಅವ್ವ ಒಬ್ಬರು "ಇವತ್ತ ಒಪ್ಪತ್ತ ಐತಿ, ಸಂಜೀಕ ಪೂಜಿ ಆದಮ್ಯಾಲೆ ಉಣ್ತೀನಿ" ಎಂದು ಹೇಳಿ, ಬೆಳಗಿನ ನಾಷ್ಟಾವನ್ನೂ ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದರು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಎಂದಿನಂತೆ ಮುಂಜಾನೆಯೇ ಅವರ ಕೈಗೆ ಕೊಡಲಾಗಿತ್ತು. ಮಧ್ಯಾಹ್ನ ಅವರು ಮಂಪರಿನಲ್ಲಿ ಮಲಗಿದ್ದನ್ನು ಕಂಡವರೆಲ್ಲ ಉಪವಾಸದ ಸುಸ್ತೆಂದು ತಿಳಿದು ಸದ್ದು ಮಾಡದೆ ಬಾಗಿಲು ಮುಂದೆ ಮಾಡಿ ಬಂದರು. ಅಂದು ಯಾರನ್ನೋ ನೋಡಲು ಬಂದಿದ್ದ ನಿವೃತ್ತ ದಾದಿಯೊಬ್ಬರು ಅವರ ಹಣೆಯ ತಣ್ಣನೆಯ ಬೆವರನ್ನು ಗಮನಿಸಿ, ನುಂಗುವಷ್ಟು ಎಚ್ಚರ ಇನ್ನೂ ಉಳಿದಿದ್ದುದರಿಂದ ಸಕ್ಕರೆ ನೀರು ಕುಡಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳದೇ ಇದ್ದಿದ್ದರೆ ಆ ಸೋಮವಾರ ಹೇಗೆ ಮುಗಿಯುತ್ತಿತ್ತೋ ಊಹಿಸಲು ಮನಸ್ಸಾಗುವುದಿಲ್ಲ. ಉಣ್ಣದೆ ಇರುವವರು ಆ ಬಗೆಯ ಗುಳಿಗೆ ನುಂಗಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ವಯಸ್ಸಾದವರಲ್ಲಿ ಅದರ ಲಕ್ಷಣ ಬರೀ ನಿದ್ದೆಯಂತೆ ಕಾಣಬಹುದು ಎಂಬುದು ವೈದ್ಯರಿಗೆ ಬಾಲಪಾಠ. ನಮ್ಮ ವ್ಯವಸ್ಥಾಪಕರಿಗೆ ಅದು ಗೊತ್ತಿರಲಿಲ್ಲ.

ಅವರು ನಿವೃತ್ತ ಶಾಲಾ ಶಿಕ್ಷಕರು, ರಾತ್ರಿ ಎರಡು ಗಂಟೆಗೆ ಕರೆದರೂ ಎದ್ದು ಬರುವಂಥವರು. "ಇದನ್ನ ನನಗ ಯಾರೂ ಹೇಳಿರಲಿಲ್ಲರೀ" ಎಂದು ಅವರು ಹೇಳಿದಾಗ ನಮ್ಮ ಧರ್ಮದರ್ಶಿ ಮಂಡಳಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ ನಾವು ಅವರಿಗೆ ಕೇಳಿದ್ದು ಮೂರೇ ಪ್ರಶ್ನೆ: ರಾತ್ರಿ ಇಲ್ಲೇ ಉಳಿಯುತ್ತೀರಾ, ಲೆಕ್ಕ ಬರೆಯಲು ಬರುತ್ತದೆಯೇ, ಇಷ್ಟು ಪಗಾರ ಸಾಕಾಗುತ್ತದೆಯೇ. ಅಂದಿನಿಂದ ಸುತ್ತಲಿನ ಆಶ್ರಮಗಳವರ ಜೊತೆ ಮಾತನಾಡಿದಾಗಲೆಲ್ಲ ತಿಳಿದುಬಂದದ್ದು, ಎಲ್ಲರೂ ಹೆಚ್ಚುಕಡಿಮೆ ಇದೇ ಮೂರು ಪ್ರಶ್ನೆ ಕೇಳಿ ಜನರನ್ನು ನೇಮಿಸಿಕೊಂಡಿದ್ದಾರೆ ಎಂಬುದು. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸು ಓಡಿಸುವವರಿಗೆ ಪರವಾನಗಿ ಬೇಕು, ಔಷಧಿ ಅಂಗಡಿ ನಡೆಸಲು ಫಾರ್ಮಸಿ ಓದಿದವರು ಬೇಕು. ನಾಲ್ವತ್ತು ಮಂದಿ ಹಿರಿಯರ ಗುಳಿಗೆ, ಊಟ, ನಿದ್ದೆ, ಪಿಂಚಣಿ, ಕೊನೆಯುಸಿರು ಎಲ್ಲವೂ ಯಾರ ಕೈಯಲ್ಲಿವೆಯೋ ಅವರಿಗೆ ಮಾತ್ರ ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎಂದು ನಾವು ನಂಬಿಕೊಂಡು ಬಂದಿದ್ದೇವೆ.

ಬೇರೆ ಕಡೆ ಹೀಗೆಯೇ ಇಲ್ಲ. ಅಮೆರಿಕದಲ್ಲಿ 1967ರ ಕಾಯ್ದೆ ತಿದ್ದುಪಡಿಯ ನಂತರ ನರ್ಸಿಂಗ್ ಹೋಮ್‌ಗಳ, ಅಂದರೆ ದೀರ್ಘಕಾಲದ ಆರೈಕೆಯ ನಿಲಯಗಳ ಆಡಳಿತಾಧಿಕಾರಿಗಳಿಗೆ ಪ್ರತಿಯೊಂದು ರಾಜ್ಯವೂ ಪರವಾನಗಿ ಪದ್ಧತಿ ಇಡಬೇಕಾಯಿತು. ಓದಿ, ಪರೀಕ್ಷೆ ಪಾಸಾಗದೆ ಅಲ್ಲಿ ಆ ಕುರ್ಚಿಯಲ್ಲಿ ಕೂರಲಾಗದು. ಜಪಾನ್ 2000ದಲ್ಲಿ ದೀರ್ಘಾವಧಿ ಆರೈಕೆ ವಿಮೆಯನ್ನು ಜಾರಿಗೆ ತಂದಾಗ, ಒಬ್ಬೊಬ್ಬ ಹಿರಿಯರಿಗೂ ಏನು ಬೇಕೆಂದು ಅಳೆದು ಯೋಜನೆ ಹಾಕಿಕೊಡುವ ಆರೈಕೆ ವ್ಯವಸ್ಥಾಪಕರೆಂಬ ವೃತ್ತಿಯನ್ನೇ ಹುಟ್ಟುಹಾಕಿತು. ನಮಗೆ ಇನ್ನೊಂದು ಪರವಾನಗಿಯ ಕಾಗದ ಬೇಕೆಂದು ನಾವು ವಾದಿಸುತ್ತಿಲ್ಲ, ಕಾಗದಗಳು ಈಗಲೇ ಸಾಕಷ್ಟಿವೆ. ಆ ದೇಶಗಳು ಈ ಕೆಲಸವನ್ನು ಕಲಿಯಬೇಕಾದ ಕಸುಬೆಂದು ಒಪ್ಪಿಕೊಂಡಿವೆ ಎಂಬುದಷ್ಟೇ ನಮ್ಮ ಮಾತು. ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆ ಕುರಿತು ತರಬೇತಿ ನಡೆಸುತ್ತದೆ. ಆದರೆ ರೋಣದಿಂದಲೋ ಹಿರೇಕೆರೂರಿನಿಂದಲೋ ಆಶ್ರಮ ಬಿಟ್ಟು ದೂರದ ಊರಿಗೆ ಹೋಗಿ, ಕನ್ನಡವಲ್ಲದ ಭಾಷೆಯಲ್ಲಿ ಕಲಿತು ಬರುವುದು ನಮ್ಮ ಮೇಲ್ವಿಚಾರಕಿಯರಿಗೆ ಆಗುವ ಮಾತಲ್ಲ.

ಅಗತ್ಯ ದಿನದಿನಕ್ಕೆ ಹೆಚ್ಚುತ್ತಿದೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು, ಅಂದರೆ ಜನಸಂಖ್ಯೆಯ ಶೇ. 8.6, ಕರ್ನಾಟಕದಲ್ಲಿ ಆ ಪ್ರಮಾಣ ಶೇ. 9.5ರಷ್ಟಿತ್ತು. ಮೊದಲು ಆಶ್ರಮದ ಬಾಗಿಲಿಗೆ ಬರುತ್ತಿದ್ದವರು ಹೆಚ್ಚಾಗಿ ಯಾರೂ ಇಲ್ಲದವರು. ಈಗ ಹುಬ್ಬಳ್ಳಿಯ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಪ್ರಾಧ್ಯಾಪಕರಾಗಿದ್ದವರು, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಕಡಲಾಚೆಯಲ್ಲೋ ನೆಲೆಸಿರುವವರು ತಿಂಗಳ ಹಣ ಕೊಟ್ಟು ಇರಲು ಬರುತ್ತಾರೆ. ಬರುವಾಗಲೇ ಅವರ ವಯಸ್ಸು ಹೆಚ್ಚಿರುತ್ತದೆ, ಕೈಚೀಲದಲ್ಲಿ ಏಳೆಂಟು ಬಗೆಯ ಗುಳಿಗೆ ಇರುತ್ತವೆ, ಕೆಲವರಿಗೆ ಮರೆವಿನ ಕಾಯಿಲೆ ಆಗಲೇ ಶುರುವಾಗಿರುತ್ತದೆ.

ಏನು ಕಲಿಸುತ್ತೇವೆ ಎಂದು ದಾನಿಗಳು ಕೇಳುವುದು ಸಹಜ. ಗುಳಿಗೆಯ ವಿಷಯವೇ ಮೊದಲು. ಒಂದೇ ಹೆಸರಿನ ಇಬ್ಬರು ಅವ್ವಂದಿರು ಒಂದೇ ಕೋಣೆಯಲ್ಲಿದ್ದರೆ ಡಬ್ಬಿ ಅದಲುಬದಲಾಗದಂತೆ ಇಡುವುದು ಹೇಗೆ, ಯಾರಿಗೆ ಏನು ಕೊಟ್ಟೆವೆಂದು ಬರೆದಿಡುವುದು ಹೇಗೆ, ಎಷ್ಟೋ ವರ್ಷಗಳ ಹಿಂದಿನ ಚೀಟಿಯ ಮೇಲೆ ಇಂದಿಗೂ ನಡೆಯುತ್ತಿರುವ ಔಷಧಿಯನ್ನು ವೈದ್ಯರಿಗೆ ತೋರಿಸಿ ಕೇಳುವುದು ಯಾವಾಗ ಎಂಬುದನ್ನು ಬಲ್ಲವರಿಂದ ಹೇಳಿಸುತ್ತೇವೆ. ಬೀಳುವುದು ಇನ್ನೊಂದು ದೊಡ್ಡ ಅಧ್ಯಾಯ. ಬಿಪಿ ಗುಳಿಗೆಯ ಮೇಲಿರುವವರು ನಡುರಾತ್ರಿ ಮೂತ್ರಕ್ಕೆಂದು ತಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳುತ್ತಾರೆ. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳುವ ರೂಢಿ, ಬಚ್ಚಲ ದಾರಿಯಲ್ಲೊಂದು ಸಣ್ಣ ದೀಪ, ಗೋಡೆಗೊಂದು ಹಿಡಿಕೆ, ಇಷ್ಟರಿಂದಲೇ ಎಷ್ಟೋ ಜನರ ಚಪ್ಪೆಯ ಮೂಳೆ ಉಳಿಯುತ್ತದೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಆಗುವ ಹುಣ್ಣು, ಹಲ್ಲಿಲ್ಲದವರಿಗೆ ಕಟಕ ರೊಟ್ಟಿಯ ಬದಲು ನುಚ್ಚು-ಅಂಬಲಿಯಲ್ಲಿ ಸಾಕಷ್ಟು ಬೇಳೆಯ ಸತ್ವ ಸೇರಿಸುವ ಬಗೆ, ಸಂಜೆಯಾಗುತ್ತಲೇ "ನಾ ಮನಿಗಿ ಹೊಕ್ಕೀನಿ" ಎಂದು ಗೇಟಿನ ಕಡೆ ಹೊರಡುವ ಮರೆವಿನ ಅಜ್ಜನೊಡನೆ ವಾದಕ್ಕಿಳಿಯದೆ ಅವರ ಊರು-ಹೊಲದ ಮಾತೆತ್ತಿ ಒಳಕ್ಕೆ ಕರೆತರುವ ಜಾಣ್ಮೆ, ಇವೆಲ್ಲ ಕಲಿತರೆ ಬರುವಂಥವು.

ದಾನಿಗಳಿಗೆ ಬೇಡವೆನ್ನುವುದನ್ನೂ ಕಲಿಸಬೇಕಾಗಿದೆ. ಅಕ್ಟೋಬರ್ 1ರ ಹಿರಿಯರ ದಿನದಂದು ಮೂರು ಸಂಘಗಳು ಒಂದಾದ ಮೇಲೊಂದು ಬಂದು ಜಿಲೇಬಿ ಹಂಚಿ ಭಾಷಣ ಮಾಡಿ ಹೋದ ಮೇಲೆ, ಆಶ್ರಮದ ಅರ್ಧದಷ್ಟು ಮಂದಿಯ ಸಕ್ಕರೆಯ ಅಂಶ ಏರಿ ಕೂತಿರುತ್ತದೆ. ಬಂದವರ ಮನಸ್ಸು ನೋಯದಂತೆ "ಜಿಲೇಬಿ ಬದಲು ಬಾಳೆಹಣ್ಣು ತರ್ರಿ, ಇಲ್ಲವೇ ಮುಂದಿನ ತಿಂಗಳು ಬರ್ರಿ" ಎನ್ನುವುದು ಹೊಣೆ ಹೊತ್ತವರ ಕೆಲಸ, ಮತ್ತು ಅದು ಸುಲಭದ ಕೆಲಸವಲ್ಲ.

ಕಾನೂನಿನ ಪಾಠಕ್ಕೆ ಎರಡು ಪೂರ್ತಿ ದಿನ ಇಟ್ಟಿದ್ದೇವೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಹಿರಿಯರು ಉಪವಿಭಾಗ ಮಟ್ಟದ ನ್ಯಾಯಮಂಡಳಿಯಲ್ಲಿ ಮಕ್ಕಳಿಂದ ನಿರ್ವಹಣೆ ಕೋರಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಪಡೆದವರು ನೋಡಿಕೊಳ್ಳದಿದ್ದರೆ 23ನೇ ಕಲಮಿನ ಅಡಿ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಲು ಅವಕಾಶವಿದೆ. ಹೊಲ ಬರೆದುಕೊಟ್ಟು ಆಶ್ರಮಕ್ಕೆ ಬಂದು ಕೂತ ಹಿರಿಯರು ನಮ್ಮ ಜಿಲ್ಲೆಗಳಲ್ಲಿ ವಿರಳರಲ್ಲ. ಅವರ ದುಃಖಕ್ಕೆ ಸಮಾಧಾನ ಹೇಳುವ ವ್ಯವಸ್ಥಾಪಕರು ಸಿಗುತ್ತಾರೆ, ಪತ್ರ ಓದಿ ನೋಡಿ ಅರ್ಜಿ ಬರೆಸುವವರು ಸಿಗುವುದಿಲ್ಲ. ಇದರ ಜೊತೆಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಜೀವಿತ ಪ್ರಮಾಣಪತ್ರ, ಹಿರಿಯರಿಗಾಗಿ ಇರುವ 14567 ಸಹಾಯವಾಣಿ, ಆಯಾಗಳ ಪಗಾರ ಮತ್ತು ರಜೆ, ಟ್ರಸ್ಟಿನ ಲೆಕ್ಕಪತ್ರ ಇವೂ ಪಾಠದಲ್ಲಿವೆ. ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಒಂದು ವಿಷಯವನ್ನು ಮಾತ್ರ ಬಿಡಲಾಗದು, ಅದು ಸಾವು. ಆಶ್ರಮದಲ್ಲಿ ಯಾರಾದರೂ ತೀರಿಕೊಂಡಾಗ ಹೂಳಬೇಕೋ ಸುಡಬೇಕೋ, ಜಂಗಮರನ್ನು ಕರೆಯಬೇಕೋ ಪುರೋಹಿತರನ್ನೋ, ಎಷ್ಟೋ ವರ್ಷ ಮುಖ ತೋರಿಸದ ಮಗನಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂದು ಅಪರಾತ್ರಿಯಲ್ಲಿ ಫೋನ್ ಹಿಡಿದು ತಡಕಾಡಿದ ಅನುಭವ ನಮಗೂ ಇದೆ. ಇದನ್ನು ಆ ಹಿರಿಯರನ್ನೇ, ಅವರು ಗಟ್ಟಿಯಾಗಿರುವಾಗಲೇ, ಮೆಲ್ಲಗೆ ಕೇಳಿ ಬರೆದಿಟ್ಟುಕೊಳ್ಳಬೇಕು. ಕೇಳಿದರೆ ಬೇಸರಪಟ್ಟುಕೊಳ್ಳುತ್ತಾರೆ ಎಂಬ ಅಂಜಿಕೆ ಕೇಳುವವರದ್ದೇ ಹೊರತು ಹೇಳುವವರದ್ದಲ್ಲವೆಂದು ನಾವು ಕಂಡಿದ್ದೇವೆ. ಬಹಳಷ್ಟು ಜನ ತಮ್ಮ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆಯನ್ನೋ ಧೋತರವನ್ನೋ ತೆಗೆದು ತೋರಿಸುತ್ತಾರೆ. ಗುಣವಾಗದ ಸ್ಥಿತಿಯಲ್ಲಿ ತಮಗೆ ಯಂತ್ರಗಳ ಉಪಚಾರ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ಆಶ್ರಮ ನಡೆಸುವವರಿಗೇ ಇದು ತಿಳಿಯದಿದ್ದರೆ ಅಲ್ಲಿರುವ ಹಿರಿಯರಿಗೆ ತಿಳಿಸುವವರಾರು?

ತರಗತಿ ಧಾರವಾಡದಲ್ಲಿ, ತಿಂಗಳಿಗೆ ಎರಡು ದಿನ, ಶನಿವಾರ ಮತ್ತು ಭಾನುವಾರ, ಒಟ್ಟು ಹನ್ನೆರಡು ದಿನ. ಉಳಿದ ದಿನಗಳಲ್ಲಿ ಕಲಿತವರು ತಮ್ಮ ಆಶ್ರಮದಲ್ಲೇ ಒಂದೊಂದು ಸುಧಾರಣೆ ಮಾಡಿ ಮುಂದಿನ ತಿಂಗಳು ಅದರ ವರದಿ ತರಬೇಕು. ಕಲಿಸಬಲ್ಲವರಿಗೆ ಇಲ್ಲಿ ಬರವಿಲ್ಲ. ಹುಬ್ಬಳ್ಳಿಯಲ್ಲಿ 1957ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಮತ್ತು ವಿಶ್ವವಿದ್ಯಾಲಯ ಇವೆ. ಇಂಥ ಕಡೆ ದುಡಿದು ನಿವೃತ್ತರಾದವರು ಓಣಿಗೊಬ್ಬರಂತೆ ಸಿಗುತ್ತಾರೆ. ಮೂರು ಜಿಲ್ಲೆಗಳಿಂದ 24 ಮಂದಿಯ ಮೊದಲ ತಂಡವನ್ನು ದೀಪಾವಳಿಯ ಬಳಿಕ ಆರಂಭಿಸುವುದು ನಮ್ಮ ಯೋಜನೆ.

ಖರ್ಚಿನ ಲೆಕ್ಕ ಹೀಗಿದೆ. ಒಬ್ಬರಿಗೆ ಹನ್ನೆರಡು ದಿನದ ಊಟ-ವಸತಿಗೆ ₹6,000, ಆರು ಸಲ ಬಂದುಹೋಗುವ ಬಸ್ ಖರ್ಚಿಗೆ ₹2,400, ಕನ್ನಡದಲ್ಲಿ ಸಿದ್ಧಪಡಿಸಿದ ಪಾಠದ ಹಾಳೆಗಳಿಗೆ ಮತ್ತು ದಾಖಲೆ ಪುಸ್ತಕಗಳಿಗೆ ₹1,200. ಎಲ್ಲಕ್ಕಿಂತ ದೊಡ್ಡ ಬಾಬತ್ತು ₹8,400, ಅದು ಅವರು ಇಲ್ಲದ ಹನ್ನೆರಡು ದಿನ ಆಶ್ರಮದಲ್ಲಿ ಬದಲಿಯಾಗಿ ನಿಲ್ಲುವವರ ಸಂಬಳ. ಇದನ್ನು ಕಂಡು ಕೆಲವರು ಹುಬ್ಬೇರಿಸಿದ್ದಾರೆ. ಮುಂಡರಗಿಯ ಒಂದು ಸಣ್ಣ ಆಶ್ರಮದಲ್ಲಿ ಇರುವುದೇ ಒಬ್ಬ ಮೇಲ್ವಿಚಾರಕಿ ಎಂದಾದರೆ, ಬದಲಿ ಕೊಡದೆ ಅವರನ್ನು ತರಗತಿಗೆ ಕರೆಯುವುದು ಹಿರಿಯರನ್ನು ಒಂಟಿಯಾಗಿ ಬಿಟ್ಟು ಬಾ ಎಂದ ಹಾಗೆ. ಹೀಗೆ ಒಬ್ಬರಿಗೆ ₹18,000, ಇಪ್ಪತ್ನಾಲ್ಕು ಮಂದಿಗೆ ₹4,32,000 ಆಗುತ್ತದೆ. ಪಾಠ ಮಾಡುವವರ ಗೌರವಧನ ₹48,000 ಇದರಲ್ಲಿ ಸೇರಿಲ್ಲ; ಪ್ರತಿಯೊಂದು ಆಶ್ರಮವೂ ತನ್ನ ಪಾಲೆಂದು ಕೊಡುವ ₹2,000ದಿಂದ ಅದನ್ನು ಭರಿಸುತ್ತೇವೆ. ಬಿಟ್ಟಿ ಸಿಕ್ಕ ಓದಿಗೆ ಬೆಲೆ ಇರುವುದಿಲ್ಲವೆಂಬುದು ನಮ್ಮ ಅನುಭವ.

₹1,500 ಕೊಟ್ಟರೆ ಒಬ್ಬ ಮೇಲ್ವಿಚಾರಕಿಯ ಒಂದು ದಿನದ ಕಲಿಕೆ ನಡೆಯುತ್ತದೆ, ₹18,000 ಕೊಟ್ಟರೆ ಪೂರ್ತಿ ಆರು ತಿಂಗಳು. ಊಟ ಹಾಕಿಸುವುದನ್ನು ಬಿಟ್ಟು ಇದಕ್ಕೆ ಕೊಡಿರೆಂದು ನಾವು ಕೇಳುತ್ತಿಲ್ಲ. ವರ್ಷಕ್ಕೆ ಎರಡು ಸಲ ಊಟ ಹಾಕಿಸುವವರು ಒಂದು ಸಲದ ಹಣವನ್ನು ಇತ್ತ ತಿರುಗಿಸಿದರೆ ಸಾಕು. ದೇಣಿಗೆಯನ್ನು ಚೆಕ್ ಮೂಲಕವೋ ಬ್ಯಾಂಕ್ ವರ್ಗಾವಣೆಯ ಮೂಲಕವೋ ಟ್ರಸ್ಟಿನ ಖಾತೆಗೆ ಕೊಡಬೇಕೆಂದು ವಿನಂತಿ. ₹2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ. ಹಣದ ಬದಲು ಸಮಯ ಕೊಡಬಲ್ಲ ವೈದ್ಯರು, ದಾದಿಯರು, ವಕೀಲರು, ಲೆಕ್ಕಪರಿಶೋಧಕರು ಕಚೇರಿಗೆ ಬಂದು ಹೆಸರು ಕೊಡಬಹುದು. ತಂಡ ಮುಗಿದ ತಿಂಗಳೊಳಗೆ ರೂಪಾಯಿ-ಪೈಸೆಯ ಲೆಕ್ಕವನ್ನು ಪ್ರತಿಯೊಬ್ಬ ದಾನಿಗೂ ಕಳುಹಿಸುತ್ತೇವೆ. ಇಪ್ಪತ್ನಾಲ್ಕು ಮಂದಿಗೆ ಬೇಕಾದಷ್ಟು ಹಣ ಸೇರದಿದ್ದರೆ ಸೇರಿದಷ್ಟು ಮಂದಿಯೊಡನೆ ಆರಂಭಿಸುತ್ತೇವೆ, ಮತ್ತು ಮೊದಲ ಸಾಲಿನಲ್ಲಿ ನಮ್ಮ ಆ ನಿವೃತ್ತ ಶಿಕ್ಷಕರು ಕೂರುತ್ತಾರೆ. ತಮ್ಮ ಪಾಲಿನ ₹2,000ವನ್ನು ಅವರು ಆಗಲೇ ಕಟ್ಟಿದ್ದಾರೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಧರ್ಮದರ್ಶಿ ಮಂಡಳಿಯ ಪರವಾಗಿ
ಧಾರವಾಡ