ಚೆಂಡು ಬೇರೆಡೆ ಇದ್ದಾಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಎರಡು ವಾರಗಳಾದವು. ಉತ್ತರ ತಡವಾದುದಕ್ಕೆ ಅರ್ಧ ಕಾರಣ ನನ್ನ ಸೋಮಾರಿತನ; ಉಳಿದರ್ಧ, ಕೊನೆಯ ಸಾಲಿನಲ್ಲಿ ನೀನು ಕೇಳಿದ ಪ್ರಶ್ನೆ. ಟಿ.ವಿ.ಯಲ್ಲಲ್ಲ, ಕ್ರೀಡಾಂಗಣದಲ್ಲಿ ಕುಳಿತು ಕಣ್ಣಾರೆ ಕಂಡ ಫುಟ್‌ಬಾಲ್ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂದು ಕೇಳಿ, ಒಂದೇ ಹೆಸರು ಬರೆಯಬೇಕು, ಜಾರಿಕೊಳ್ಳಬಾರದು ಎಂಬ ಷರತ್ತನ್ನೂ ಹಾಕಿದ್ದೀಯೆ. ಹೆಸರು ಬರೆಯುವುದು ಕಷ್ಟವೇನಲ್ಲ: ಮೆಸ್ಸಿ. ಆದರೆ ಅದನ್ನು ಬರೆದ ಮರುಕ್ಷಣವೇ, ಅವನನ್ನು ನಾನು ನಿಜಕ್ಕೂ ಎಷ್ಟು ನೋಡಿದೆ ಎಂಬ ಅನುಮಾನ ಹುಟ್ಟಿಕೊಂಡಿತು. ಈ ಪತ್ರ ಉದ್ದವಾಗುವುದಕ್ಕೆ ಆ ಅನುಮಾನವೇ ಹೊಣೆ.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಪ್ರದರ್ಶನ ಪಂದ್ಯಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದೊಮ್ಮೆ ಒಬ್ಬ ಹೆಸರಾಂತ ಆಟಗಾರನನ್ನು ನೋಡಲೆಂದು ಇಡೀ ರಾತ್ರಿ ಪ್ರಯಾಣ ಮಾಡಿ ಹೋದವನು ನಾನು. ಅವನು ಆಟಕ್ಕಿಳಿದದ್ದು ಕೊನೆಯ ಹದಿನೈದು ನಿಮಿಷಗಳಿಗೆ, ಮುಟ್ಟಿದ್ದು ಏಳೆಂಟು ಚೆಂಡು, ಕೈ ಬೀಸಿದ್ದು ಮಾತ್ರ ನಾಲ್ಕೂ ದಿಕ್ಕಿಗೆ. ಅವನನ್ನು ನೋಡಿದ್ದೇನೆಂದು ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆ. 1977ರ ಅಕ್ಟೋಬರ್ 1ರಂದು ನ್ಯೂಜೆರ್ಸಿಯ ಜೈಂಟ್ಸ್ ಕ್ರೀಡಾಂಗಣದಲ್ಲಿ ಪೆಲೆ ತನ್ನ ವಿದಾಯದ ಪಂದ್ಯದ ಒಂದರ್ಧವನ್ನು ಆಗಿನ ತನ್ನ ಕ್ಲಬ್ ಕಾಸ್ಮಾಸ್ ಪರವಾಗಿಯೂ ಇನ್ನೊಂದರ್ಧವನ್ನು ಹಳೆಯ ಕ್ಲಬ್ ಸ್ಯಾಂಟೋಸ್ ಪರವಾಗಿಯೂ ಆಡಿದಾಗ, ಮಳೆಯಲ್ಲಿ ನೆನೆಯುತ್ತ ಕುಳಿತಿದ್ದವರು ಒಂದು ದೊಡ್ಡ ಬೀಳ್ಕೊಡುಗೆಯನ್ನು ಕಂಡರು ಎನ್ನೋಣ. ಪೆಲೆಯ ಆಟವನ್ನು ಕಂಡರು ಎನ್ನಲು ನನ್ನ ಮನಸ್ಸು ಒಪ್ಪದು. ಎದುರಾಳಿಗೆ ಗೆಲ್ಲಲೇಬೇಕೆಂಬ ಹಟವಿರಬೇಕು. ಅದಿಲ್ಲದ ಕಡೆ ದೊಡ್ಡವನ ದೊಡ್ಡತನ ಬೆಳಕಿಗೆ ಬರುವುದಿಲ್ಲ.

ನಾನು ಮೆಸ್ಸಿಯನ್ನು ನೋಡಿದ್ದು 2022ರ ಡಿಸೆಂಬರ್ 13ರಂದು, ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ. ವಿಶ್ವಕಪ್ಪಿನ ಸೆಮಿಫೈನಲ್, ಅರ್ಜೆಂಟೀನಾದ ಎದುರು ಕ್ರೊಯೇಷಿಯಾ. ಅಂದು ಅಲ್ಲಿದ್ದವರ ಅಧಿಕೃತ ಸಂಖ್ಯೆ 88,966. ಆ ಮಂದಿಯಲ್ಲಿ ಒಬ್ಬನಾಗಿ, ಚಾವಣಿ ನೆತ್ತಿಗೆ ತಾಗುವಷ್ಟು ಮೇಲಿನ ಸಾಲಿನ ಒಂದು ಮೂಲೆಯಲ್ಲಿ ನಾನು ಕುಳಿತಿದ್ದೆ. ಅಷ್ಟು ಎತ್ತರದಿಂದ ಮುಖಗಳು ಕಾಣುವುದಿಲ್ಲ, ಅಂಗಿಯ ಮೇಲಿನ ಅಂಕಿಯನ್ನೂ ಕಣ್ಣು ಕಿರಿದು ಮಾಡಿಯೇ ಓದಬೇಕು. ಆದರೂ ಆ ಆಸನಕ್ಕೆ ಬದಲಾಗಿ ಗೆರೆಯ ಪಕ್ಕದ ಆಸನ ಕೊಡುತ್ತೇವೆಂದರೆ ಈಗ ನಾನು ಬೇಡವೆಂದೇ ಹೇಳುತ್ತೇನೆ. ಏಕೆಂದರೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನವೂ ಅದರಲ್ಲಿರುವ ಇಪ್ಪತ್ತೆರಡು ಮಂದಿಯೂ ಒಂದೇ ನೋಟಕ್ಕೆ ಸಿಗುವುದು ಅಲ್ಲಿಂದ ಮಾತ್ರ. ಟಿ.ವಿ. ಕ್ಯಾಮೆರಾ ಚೆಂಡಿನ ಬಾಲ ಹಿಡಿದು ಓಡುತ್ತದೆ. ಅದರ ಚೌಕಟ್ಟಿನಿಂದ ಹೊರಗುಳಿದವನು ಆ ಹೊತ್ತಿಗೆ ಆಟದಲ್ಲೇ ಇಲ್ಲದವನಂತಾಗುತ್ತಾನೆ. ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ತೊಂಬತ್ತು ನಿಮಿಷಗಳಲ್ಲಿ ಹೆಚ್ಚೆಂದರೆ ಎರಡು ಮೂರು ನಿಮಿಷ. ಉಳಿದ ಸಮಯವೆಲ್ಲ ಅವನು ಏನು ಮಾಡುತ್ತಾನೆ ಎಂಬುದೇ ಆಟವೆಂದು ಡಚ್ ಆಟಗಾರ ಯೋಹಾನ್ ಕ್ರೈಫ್ ಮತ್ತೆ ಮತ್ತೆ ಹೇಳುತ್ತಿದ್ದ. ಟಿ.ವಿ.ಯ ಮುಂದೆ ಬೆಳೆದ ನಮಗೆ ಆ ಮಾತು ಕಿವಿಗೆ ಹತ್ತಿತ್ತೇ ಹೊರತು ಕಣ್ಣಿಗೆ ಹತ್ತಿರಲಿಲ್ಲ.

ಹೀಗಾಗಿ ಆ ರಾತ್ರಿ ನಾನೊಂದು ಹುಚ್ಚು ನಿರ್ಧಾರ ಮಾಡಿದೆ. ಮೊದಲ ಅರ್ಧ ಗಂಟೆ ಚೆಂಡು ಎಲ್ಲಿಗಾದರೂ ಹೋಗಲಿ, ನನ್ನ ಕಣ್ಣು ಮೆಸ್ಸಿಯನ್ನು ಬಿಡಬಾರದು. ಹೇಳುವಷ್ಟು ಸುಲಭವಲ್ಲ ಅದು, ಗೆಳೆಯಾ. ಸುತ್ತಲಿನವರು ಒಮ್ಮೆಗೇ ಎದ್ದು ಕೂಗುವಾಗ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ, ಅದನ್ನು ಹಿಡಿದು ಈ ಕಡೆ ತರಬೇಕು. ಆ ಅರ್ಧ ಗಂಟೆಯಲ್ಲಿ ಚೆಂಡು ಹೆಚ್ಚಾಗಿ ಕ್ರೊಯೇಷಿಯಾದವರ ಬಳಿಯೇ ಇತ್ತು, ಮೆಸ್ಸಿಯಂತೂ ನಡೆಯುತ್ತಿದ್ದ. ಓಟವಲ್ಲ, ಕುಕ್ಕುಲೋಟವೂ ಅಲ್ಲ, ಬರೀ ನಡಿಗೆ. ಕಳೆದುಹೋದ ಬೀಗದ ಕೈಯನ್ನು ಹುಲ್ಲಿನಲ್ಲಿ ಹುಡುಕುವವನ ಹಾಗೆ ತಲೆ ತುಸು ಬಾಗಿತ್ತು. ಮೊದಮೊದಲು ನನಗೆ ಗಾಬರಿಯೇ ಆಯಿತು, ಏಕೆಂದರೆ ಒಂದೆರಡು ಸಲ ಅವನು ತೊಡೆಯ ಹಿಂಭಾಗವನ್ನು ಕೈಯಿಂದ ನೀವಿಕೊಂಡದ್ದೂ ಕಂಡಿತ್ತು. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ನಡೆಯುತ್ತ ನಡೆಯುತ್ತ ಅವನ ತಲೆ ಮಾತ್ರ ಎಡಕ್ಕೆ, ಬಲಕ್ಕೆ, ಹೆಗಲ ಮೇಲಿಂದ ಹಿಂದಕ್ಕೆ ತಿರುಗುತ್ತಲೇ ಇರುತ್ತಿತ್ತು. ಇಬ್ಬರು ರಕ್ಷಣಾ ಆಟಗಾರರ ನಡುವೆ ಒಂದು ಖಾಲಿ ಜಾಗ ಹುಟ್ಟುವುದಕ್ಕೂ ಅವನು ಅಲ್ಲಿಗೆ ನಡೆದು ಸೇರುವುದಕ್ಕೂ ಸರಿಹೋಗುತ್ತಿತ್ತು. ಕೆಲವೊಮ್ಮೆ ಯಾರೂ ಅವನಿಗೆ ಚೆಂಡು ಕೊಡುತ್ತಿರಲಿಲ್ಲ. ಅವನು ಬೇಸರಪಡದೆ ಮತ್ತೊಂದು ಜಾಗ ಹುಡುಕಿಕೊಂಡು ಹೊರಡುತ್ತಿದ್ದ. ಎಲ್ಲರೂ ಓಡುತ್ತಿರುವ ಕಡೆ ಒಬ್ಬ ನಡೆಯುತ್ತಿದ್ದರೆ ಅವನನ್ನು ಕಾಯುವವನಿಗೆ ಅದಕ್ಕಿಂತ ದೊಡ್ಡ ಪೇಚಾಟವಿಲ್ಲ. ಬೆನ್ನಿಗೆ ಅಂಟಿಕೊಂಡು ನಿಂತರೆ ತನ್ನ ಜಾಗ ತೆರವಾಗುತ್ತದೆ, ಬಿಟ್ಟು ನಿಂತರೆ ಅವನು ತಿರುಗಿ ನಿಲ್ಲುತ್ತಾನೆ.

ಇದು ಹೊಸ ವಿದ್ಯೆಯೇನಲ್ಲ ಎಂಬುದು ನಿನಗೂ ಗೊತ್ತು. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹಂಗೇರಿ ತಂಡ ಇಂಗ್ಲೆಂಡನ್ನು 6-3ರಿಂದ ಸೋಲಿಸಿದ ದಿನ, ಒಂಬತ್ತನೇ ಸಂಖ್ಯೆಯ ಹಿಡೆಗ್ಕುಟಿ ಗೋಲಿನ ಮುಂದೆ ನಿಲ್ಲುವುದನ್ನು ಬಿಟ್ಟು ಮೈದಾನದ ನಡುವಿಗೆ ಸರಿದುಬಿಟ್ಟ. ಅವನನ್ನು ಕಾಯಬೇಕಿದ್ದ ಹ್ಯಾರಿ ಜಾನ್‌ಸ್ಟನ್‌ಗೆ ಬೆನ್ನಟ್ಟಿ ಹೋಗಬೇಕೋ ಇದ್ದಲ್ಲೇ ಇರಬೇಕೋ ಕೊನೆಯವರೆಗೂ ತಿಳಿಯಲಿಲ್ಲ, ಹಿಡೆಗ್ಕುಟಿ ಮೂರು ಗೋಲು ಹೊಡೆದ. ಆ ಪಂದ್ಯದ ತುಣುಕುಗಳಲ್ಲಿ ನಾವು ನೋಡುವುದು ಹಂಗೇರಿಯ ನಾಯಕ ಪುಷ್ಕಾಸ್ ತನ್ನ ಎಡಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್‌ನನ್ನು ಬೇಸ್ತು ಬೀಳಿಸಿದ ಆ ಒಂದು ಕ್ಷಣವನ್ನು. ಅಂದು ನೆರೆದಿದ್ದ ಲಕ್ಷಕ್ಕೂ ಮಿಕ್ಕ ಜನರ ಪೈಕಿ ಕಣ್ಣಿದ್ದವರು ಮಾತ್ರ ಜಾನ್‌ಸ್ಟನ್ ಒಬ್ಬನೇ ಖಾಲಿ ಜಾಗವನ್ನು ಕಾಯುತ್ತ ನಿಂತದ್ದನ್ನೂ ಕಂಡಿರುತ್ತಾರೆ.

ನಿನ್ನ ಪತ್ರದಲ್ಲಿ ದೊಡ್ಡವನ ಅಳತೆಗೋಲು ಗೋಲುಗಳೇ ಎಂಬಂತೆ ಬರೆದಿದ್ದೀಯೆ. ಅದಕ್ಕೆ ನನ್ನ ತಕರಾರಿದೆ. 1970ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಉರುಗ್ವೆಯ ಗೋಲ್‌ಕೀಪರ್ ಮಜುರ್ಕೀವಿಚ್ ಮುನ್ನುಗ್ಗಿ ಬಂದಾಗ ಪೆಲೆ ಚೆಂಡನ್ನು ಮುಟ್ಟಲೇ ಇಲ್ಲ. ಅದನ್ನು ಕೀಪರ್‌ನ ಒಂದು ಪಕ್ಕದಿಂದ ಹೋಗಲು ಬಿಟ್ಟು, ತಾನು ಇನ್ನೊಂದು ಪಕ್ಕದಿಂದ ಸುತ್ತಿ ಬಂದು ಹೊಡೆದ. ಹೊಡೆತ ಕಂಬದ ಹೊರಗೆ ಹೋಯಿತು. ಗೋಲಾಗಲಿಲ್ಲ, ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಆದರೂ ಅಂದು ಮೆಕ್ಸಿಕೊದ ಗ್ವಾಡಲಹಾರಾದಲ್ಲಿ ಅದನ್ನು ಕಂಡವನಿಗೆ ಪೆಲೆಯ ನೂರು ಗೋಲುಗಳಿಗಿಂತ ಆ ತಪ್ಪಿದ ಹೊಡೆತವೇ ನೆನಪಿನಲ್ಲಿ ಉಳಿದಿದ್ದರೆ ನನಗೆ ಆಶ್ಚರ್ಯವಿಲ್ಲ. ಇನ್ನು ನೀನು ಕೊಂಡಾಡಿರುವ ಮರಡೋನಾನ ಗೋಲು, 1986ರ ಜೂನ್ 22ರಂದು ಮೆಕ್ಸಿಕೊದ ಅಜ್ಟೆಕಾ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ತನ್ನದೇ ಅಂಗಳದಿಂದ ಹೊರಟು ಬಾರಿಸಿದ್ದು. ಅದನ್ನು ನಾವಿಬ್ಬರೂ ಅದೆಷ್ಟು ಸಲ ನೋಡಿಲ್ಲ! ಆದರೆ ಆ ಓಟದುದ್ದಕ್ಕೂ ಎಡಭಾಗದಲ್ಲಿ ಅವನ ತಂಡದ ಜೊತೆಗಾರ ವಾಲ್ಡಾನೊ ಪಾಸಿಗಾಗಿ ಕಾಯುತ್ತ ಜೊತೆಜೊತೆಯಾಗಿ ಓಡುತ್ತಿದ್ದ. ಅವನಿಗೆ ಚೆಂಡು ಕೊಡಲು ಜಾಗ ಹುಡುಕುತ್ತಿದ್ದೆನೆಂದು ಮರಡೋನಾ ಪಂದ್ಯದ ಬಳಿಕ ಹೇಳಿದನಂತೆ. ಅಷ್ಟು ಮಂದಿ ಕಾಲಿಗೆ ಬೀಳುವಂತೆ ಅಡ್ಡ ಬರುತ್ತಿದ್ದಾಗಲೂ ಇವನಿಗೆ ತಾನು ಕಾಣಿಸಿದ್ದೆನೇ ಎಂದು ವಾಲ್ಡಾನೊ ಬೆರಗಾದುದರಲ್ಲಿ ತಪ್ಪೇನಿದೆ? ಕಾಲಿನ ಕೆಲಸವನ್ನು ಪರದೆ ತೋರಿಸುತ್ತದೆ. ಆ ಎರಡನೇ ಜೋಡಿ ಕಣ್ಣನ್ನು ತೋರಿಸಲು ಅದಕ್ಕೆ ಆಗುವುದಿಲ್ಲ.

ಲುಸೈಲ್‌ಗೆ ಮರಳುತ್ತೇನೆ. 34ನೇ ನಿಮಿಷದಲ್ಲಿ ಪೆನಾಲ್ಟಿ. ಕ್ರೊಯೇಷಿಯಾದ ಕೀಪರ್ ಲಿವಾಕೋವಿಚ್‌ನ ಕೈಗೆ ಎಟುಕದಂತೆ ಮೆಸ್ಸಿ ಅದನ್ನು ಮೇಲ್ಮೂಲೆಗೆ ಬಾರಿಸಿದ. ಐದು ನಿಮಿಷದ ನಂತರ ಅವನ ಸಂಗಾತಿ ಆಲ್ವಾರೆಜ್ ತನ್ನ ಅಂಗಳದಿಂದ ಓಡಿಹೋಗಿ, ಚೆಂಡು ಎರಡು ಸಲ ಎದುರಾಳಿಗಳ ಮೈಗೆ ತಾಗಿ ಪುಟಿದರೂ ಅದೃಷ್ಟದ ಕೈ ಹಿಡಿದು ಇನ್ನೊಂದು ಗೋಲು ಮಾಡಿದ. ವಿರಾಮದ ವೇಳೆಗೆ ಪಂದ್ಯ ಮುಗಿದಂತೆಯೇ ಇತ್ತು. ಆಗ ನನ್ನ ಮನಸ್ಸು ಮತ್ತೊಬ್ಬನ ಕಡೆ ವಾಲಿತು. ಕ್ರೊಯೇಷಿಯಾದ ನಾಯಕ ಲೂಕಾ ಮೊಡ್ರಿಚ್‌ಗೆ ಆಗ 37 ವರ್ಷ. ಅವನ ತಂಡ ಹಿಂದಿನ ಎರಡು ಪಂದ್ಯಗಳನ್ನೂ ಹೆಚ್ಚುವರಿ ಅವಧಿಗೆ, ಆಮೇಲೆ ಪೆನಾಲ್ಟಿಗೆ ಎಳೆದು ಗೆದ್ದು ಬಂದಿತ್ತು. ಎರಡು ಗೋಲು ಹಿಂದಿರುವ ತಂಡದ ನಾಯಕ ಏನು ಮಾಡುತ್ತಾನೆ ನೋಡೋಣವೆಂದು ದ್ವಿತೀಯಾರ್ಧಕ್ಕೆ ಕಣ್ಣನ್ನು ಅವನ ಮೇಲೆ ನೆಟ್ಟೆ.

ಮೆಸ್ಸಿ ನಡೆದರೆ ಮೊಡ್ರಿಚ್ ನಿಲ್ಲುತ್ತಲೇ ಇರಲಿಲ್ಲ. ಚೆಂಡು ತನ್ನ ಸಂಗಾತಿಯ ಬಳಿಗೆ ಹೊರಟ ಕ್ಷಣವೇ ಅವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಆ ಸಂಗಾತಿಗೆ ದಿಕ್ಕು ತೋಚದಿದ್ದರೆ ಹಿಂದಿರುಗಿಸಲು ಒಂದು ದಾರಿ ತೆರೆದಿಡುತ್ತಿದ್ದ. ಮೈಯನ್ನು ಅರ್ಧ ತಿರುಗಿಸಿ ನಿಲ್ಲುತ್ತಿದ್ದುದರಿಂದ ಚೆಂಡು ಬಂದಾಗ ತಿರುಗುವ ಕೆಲಸ ಮೊದಲೇ ಮುಗಿದಿರುತ್ತಿತ್ತು. ಹೊರ ಪಾದದಿಂದ ಬಾಗಿಸಿ ಕೊಡುವ ಅವನ ಪಾಸನ್ನು ಟಿ.ವಿ.ಯಲ್ಲಿ ನಾನೂ ಶೋಕಿಯೆಂದೇ ತಿಳಿದಿದ್ದೆ. ಮೇಲಿನಿಂದ ನೋಡಿದಾಗ ಅದು ಶೋಕಿಯಲ್ಲ, ಉಳಿತಾಯವೆಂದು ಗೊತ್ತಾಯಿತು: ಒಳ ಪಾದದಿಂದ ಕೊಡಬೇಕಾದರೆ ಮೈಯನ್ನು ಇನ್ನೊಂದು ಹೆಜ್ಜೆ ಹೊರಳಿಸಬೇಕು, ಅಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ. ತಂಡ ಸೋಲುತ್ತಿದ್ದಾಗಲೂ ಅವನು ಒಂದು ಚೆಂಡನ್ನೂ ಸಿಟ್ಟಿನಿಂದ ಒದೆಯಲಿಲ್ಲ.

ಈಗ ನಿನ್ನಿಂದ ಬಚ್ಚಿಡಲಾರದ ಮಾತು. 69ನೇ ನಿಮಿಷದಲ್ಲಿ ನಡೆದದ್ದನ್ನು ನೀನು ಮನೆಯಲ್ಲೇ ಕುಳಿತು ನೋಡಿದ್ದೀಯೆ. ಬಲಗೆರೆಯ ಬಳಿ ಚೆಂಡು ಹಿಡಿದ ಮೆಸ್ಸಿ, ಮುಖಕ್ಕೆ ಕಪ್ಪು ಮುಖವಾಡ ಕಟ್ಟಿಕೊಂಡಿದ್ದ ಇಪ್ಪತ್ತು ವರ್ಷದ ರಕ್ಷಣಾ ಆಟಗಾರ ಗ್ವಾರ್ಡಿಯೊಲ್‌ನನ್ನು ಬೆನ್ನಿಗಿಟ್ಟುಕೊಂಡೇ ಓಡಿ, ತಡೆದು ನಿಂತು, ಮತ್ತೆ ಹೊರಟು, ಹಿಂದಕ್ಕೆ ತಿರುಗಿದಂತೆ ಮಾಡಿ, ಕೊನೆಯ ಗೆರೆಯವರೆಗೂ ಎಳೆದೊಯ್ದು ಆಲ್ವಾರೆಜ್‌ನ ಕಾಲಿಗೆ ಚೆಂಡಿಟ್ಟ. ಆ ವಿಶ್ವಕಪ್ಪಿನಲ್ಲಿ ಜನ ಹೆಚ್ಚು ಬಾರಿ ನೋಡಿದ ಓಟಗಳಲ್ಲಿ ಅದೊಂದು. ನಾನು ಅದೇ ಕ್ರೀಡಾಂಗಣದಲ್ಲಿ ಕುಳಿತೂ ಅದನ್ನು ನೋಡಲಿಲ್ಲ. ನನ್ನ ಕಣ್ಣು ಮೈದಾನದ ನಡುವಿನಲ್ಲಿದ್ದ ಮೊಡ್ರಿಚ್‌ನ ಮೇಲಿತ್ತು. ಗದ್ದಲ ಏರುತ್ತ ಏರುತ್ತ ಬೇರೆಯೇ ಒಂದು ಸ್ವರಕ್ಕೆ ತಿರುಗಿದಾಗ ಕತ್ತು ಹೊರಳಿಸಿದೆ. ಕಂಡದ್ದು ಕೊನೆಯ ತಿರುವು ಮತ್ತು ಆಲ್ವಾರೆಜ್‌ನ ಹೊಡೆತ ಮಾತ್ರ. ಮುಂದಿನ ಸಾಲಿನವರೆಲ್ಲ ಎದ್ದು ಕುಣಿಯುತ್ತಿದ್ದುದರಿಂದ ದೊಡ್ಡ ಪರದೆಯ ಮರುಪ್ರಸಾರವೂ ಸಿಗಲಿಲ್ಲ. ಆ ಓಟವನ್ನು ನಾನು ಪೂರ್ತಿಯಾಗಿ ನೋಡಿದ್ದು ಆ ರಾತ್ರಿ ಎರಡು ಗಂಟೆಗೆ, ಹಾಸಿಗೆಯ ಮೇಲೆ, ಅಂಗೈಯಗಲದ ಮೊಬೈಲ್‌ನಲ್ಲಿ. ಎರಡು ದಿನ ನನಗೆ ನನ್ನ ಮೇಲೇ ಕೋಪವಿತ್ತು. ಯಾರಾದರೂ ಕೇಳಿದರೆ, ಹೌದು, ಆ ಪಂದ್ಯಕ್ಕೆ ಹೋಗಿದ್ದೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ.

ಈಗ ಕೋಪವಿಲ್ಲ. ಆ ಓಟವನ್ನು ಬೇಕೆಂದಾಗ ನೋಡಬಹುದು, ನಿಧಾನಗತಿಯಲ್ಲಿಯೂ ನೋಡಬಹುದು. ಮೊದಲ ಅರ್ಧ ಗಂಟೆಯ ಆ ನಡಿಗೆಯ ಚಿತ್ರಣ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಕ್ಯಾಮೆರಾಗಳು ಬೇರೆಡೆ ನೋಡುತ್ತಿದ್ದವು. ನಾನು ಮೆಸ್ಸಿ ಎಂದು ಬರೆಯುವುದು ಆ ಅರ್ಧ ಗಂಟೆಯ ಭರವಸೆಯ ಮೇಲೆ, ಪೆನಾಲ್ಟಿಯ ಮೇಲಲ್ಲ, ಅರ್ಧಂಬರ್ಧ ಕಂಡ ಆ ಓಟದ ಮೇಲೂ ಅಲ್ಲ. ಮೊಡ್ರಿಚ್ ಎರಡನೆಯವನು, ಅದೂ ಕೂದಲೆಳೆಯ ಅಂತರದಲ್ಲಿ.

ಎದುರು ತಂಡದ ಅಭಿಮಾನಿಗಳ ಚಪ್ಪಾಳೆಯೇ ಕೊನೆಯ ತೀರ್ಪು ಎಂದು ನೀನು ಬರೆದದ್ದನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. 2003ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮನೆಯಂಗಳ ಓಲ್ಡ್ ಟ್ರಾಫರ್ಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಪರ ಮೂರು ಗೋಲು ಹೊಡೆದ ಬ್ರೆಜಿಲ್‌ನ ರೊನಾಲ್ಡೊ ಹೊರನಡೆಯುವಾಗ ಮ್ಯಾಂಚೆಸ್ಟರ್ ಯುನೈಟೆಡ್‌ನವರು ಎದ್ದು ನಿಂತರು; 2005ರ ನವೆಂಬರ್‌ನಲ್ಲಿ ಬರ್ನಬ್ಯೂ ಕ್ರೀಡಾಂಗಣದಲ್ಲಿ ಎದುರಾಳಿ ಬಾರ್ಸಿಲೋನಾದ ರೊನಾಲ್ಡಿನ್ಯೊನಿಗೆ ರಿಯಲ್ ಮ್ಯಾಡ್ರಿಡ್‌ನವರೇ ಚಪ್ಪಾಳೆ ತಟ್ಟಿದರು. ಲುಸೈಲ್‌ನಲ್ಲಿ ಪಂದ್ಯ ಮುಗಿಯಲು ಹತ್ತು ನಿಮಿಷದ ಸುಮಾರು ಇದ್ದಾಗ ಮೊಡ್ರಿಚ್‌ನನ್ನು ಹೊರಗೆ ಕರೆಸಿಕೊಂಡರು. ಮೊಣಕಾಲಿನ ಕೆಳಗೆ ಇಳಿದಿದ್ದ ಕಾಲುಚೀಲವನ್ನು ಎಳೆದುಕೊಳ್ಳುವ ಗೋಜಿಗೂ ಹೋಗದೆ ಅವನು ಗೆರೆಯ ಕಡೆಗೆ ನಡೆದ. ಆ ರಾತ್ರಿ ಅವನು ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಪಕ್ಕದಲ್ಲಿ ನೀಲಿ ಬಿಳಿ ಪಟ್ಟೆಯ ಅಂಗಿ ತೊಟ್ಟು, ಎರಡು ತಾಸಿನಿಂದ ಗಂಟಲು ಹರಿಯುವಂತೆ ಹಾಡುತ್ತಿದ್ದ ಒಬ್ಬ ಹಿರಿಯರಿದ್ದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಹಾಡು ನಿಲ್ಲಿಸಿ ಅವರು ಎದ್ದರು, ನಾನೂ ಎದ್ದೆ.

ಮುಂದಿನ ಪತ್ರದಲ್ಲಿ ನಿನ್ನ ಹೆಸರು ಬರಲಿ. ಆದರೆ ನನ್ನದೂ ಒಂದು ಷರತ್ತು: ಅವನು ಹೊಡೆದ ಗೋಲುಗಳ ಬಗ್ಗೆ ಒಂದಕ್ಷರವೂ ಇರಕೂಡದು.

ಇಂತಿ ನಿನ್ನ ಗೆಳೆಯ